ಕಾದಂಬರಿ ಸಿನಿಮಾ ಆಗುವಾಗ

ಕೇಳುಗರಿಗೆ ನಮಸ್ಕಾರ.

ಮೆಚ್ಚಿದ ಕಾದಂಬರಿ ಸಿನಿಮಾ ಆಗಿ ಬಂದಾಗ, ಥಿಯೇಟರಿನಿಂದ ಹೊರಬಂದವರ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಪುಸ್ತಕದಲ್ಲಿದ್ದದ್ದು ಅರ್ಧಕ್ಕರ್ಧ ಇಲ್ಲವಲ್ಲ!’ ಲೆಕ್ಕ ಹಾಕಿ ನೋಡಿದರೆ ಅರ್ಧ ಉಳಿದಿದ್ದರೂ ಅದು ಪವಾಡವೇ. 300 ಪುಟದ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಾ ಹೋಗಿ, ಪುಟಕ್ಕೆ ಎರಡು ನಿಮಿಷವೆಂದು ಹಿಡಿದರೂ ಹತ್ತು ಗಂಟೆ ಬೇಕು. ಸಿನಿಮಾದ ಕೈಯಲ್ಲಿರುವುದು ಎರಡು, ಹೆಚ್ಚೆಂದರೆ ಎರಡೂವರೆ ಗಂಟೆ. ಚಿತ್ರಕಥೆಯ ಒಂದು ಪುಟಕ್ಕೆ ಪರದೆಯ ಮೇಲೆ ಒಂದು ನಿಮಿಷ ಎಂಬುದು ಬರೆಯುವವರ ರೂಢಿಯ ಅಂದಾಜು. ಅಂದರೆ ಸಿಗುವುದು 120ರಿಂದ 150 ಪುಟ, ಅದರಲ್ಲೂ ಬಹುಪಾಲು ಖಾಲಿ ಜಾಗ. ಕತ್ತರಿ ಆಡಲೇಬೇಕು. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಕಥೆಯನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೆವೋ ಆ ಕಣ್ಣು ಉಳಿಯಿತೇ? ಬದಲಾಗಿದ್ದರೆ, ತಿಳಿದು ಬದಲಾಯಿಸಿದರೋ, ಕೈತಪ್ಪಿ ಹೋಯಿತೋ?

ಕತ್ತರಿಯ ಕೆಲಸಕ್ಕೆ 1972ರ ‘ನಾಗರಹಾವು’ ಒಳ್ಳೆಯ ಉದಾಹರಣೆ. ತರಾಸು ಅವರ ಒಂದಲ್ಲ, ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ಒಂದೇ ಚಿತ್ರದಲ್ಲಿ ತಂದರು: ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ. ಇಷ್ಟನ್ನು ಒಟ್ಟಿಗೆ ಹಿಡಿಯಲು ಒಂದು ಗಟ್ಟಿ ಮೊಳೆ ಬೇಕು. ಆ ಮೊಳೆ ನಾಯಕ ರಾಮಾಚಾರಿಯ ಗುರು ಚಾಮಯ್ಯ ಮೇಷ್ಟ್ರು. ರಾಮಾಚಾರಿ ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎನ್ನುವವರೂ ಅವರೇ, ಮುಂದೆ ಮಾರ್ಗರೆಟ್ ವಿಷಯದಲ್ಲಿ ಅಡ್ಡ ನಿಲ್ಲುವವರೂ ಅವರೇ. ಎರಡು ಪ್ರೇಮದ ಕಥೆಗಳು ಹೀಗೆ ಒಬ್ಬ ಗುರು, ಒಬ್ಬ ಶಿಷ್ಯನ ಕಥೆಯಾಗಿ ಬಿಗಿಗೊಂಡವು. ಒನಕೆ ಓಬವ್ವನ ಹಾಡು ಕಥೆಯನ್ನು ಒಂದಿಂಚೂ ಮುಂದಕ್ಕೆ ತಳ್ಳುವುದಿಲ್ಲ, ನಿಜ. ಆದರೆ ಕಾದಂಬರಿಕಾರ ಪುಟಗಟ್ಟಲೆ ವರ್ಣಿಸಬಹುದಾದ ಚಿತ್ರದುರ್ಗದ ಹಿರಿಮೆಯನ್ನು ಆ ಕೆಲವೇ ನಿಮಿಷ ಕೊಟ್ಟುಬಿಡುತ್ತವೆ. ಇಷ್ಟಾದರೂ ತರಾಸು ಒಪ್ಪಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೆರೆಹಾವು ಮಾಡಿದರು ಎಂದು ಅವರು ಅಂದಿದ್ದರೆಂಬ ಮಾತು ಇಂದಿಗೂ ಓಡಾಡುತ್ತಿದೆ. ಲೇಖಕರ ಸಿಟ್ಟು ನ್ಯಾಯವೇ. ಜನ ರಾಮಾಚಾರಿಯನ್ನು ಎದೆಗೆ ಹಚ್ಚಿಕೊಂಡದ್ದೂ ಸುಳ್ಳಲ್ಲ.

ಘಟನೆಗಳನ್ನು ಕತ್ತರಿಸುವುದಕ್ಕಿಂತ ಕಷ್ಟದ ಕೆಲಸ ಮನಸ್ಸಿನೊಳಗಿನ ಮಾತನ್ನು ಹೊರಗೆ ತರುವುದು. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅದನ್ನು ಚಿತ್ರ ಮಾಡಿದರು. ಚಿತ್ರಕಥೆ ಗಿರೀಶ ಕಾರ್ನಾಡರದು, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ಈ ಕಾದಂಬರಿಯಲ್ಲಿ ಆಚಾರ ಮೀರಿ ಬದುಕಿದ ಬ್ರಾಹ್ಮಣ ನಾರಣಪ್ಪ ಎದುರಿಗೆ ಬರುವ ಮೊದಲೇ ಸತ್ತಿದ್ದಾನೆ. ಅಗ್ರಹಾರದವರ ಬೈಗುಳ, ಅವನೊಡನೆ ಬಾಳಿದ ಚಂದ್ರಿಯ ದುಃಖ, ಆಚಾರ್ಯರ ನೆನಪು, ಇವುಗಳಿಂದ ಓದುಗ ತನಗೆ ಬೇಕಾದ ನಾರಣಪ್ಪನನ್ನು ಕಟ್ಟಿಕೊಳ್ಳುತ್ತಾನೆ. ಹತ್ತು ಓದುಗರಿಗೆ ಹತ್ತು ನಾರಣಪ್ಪ. ಪರದೆಯ ಮೇಲೆ ಆ ಸ್ವಾತಂತ್ರ್ಯ ಇಲ್ಲ. ಅಲ್ಲಿ ನಾರಣಪ್ಪ ಎಂದರೆ ಪಿ. ಲಂಕೇಶರ ಮುಖ, ಲಂಕೇಶರ ದನಿ, ಮುಗಿಯಿತು. ಆಯ್ಕೆ ಎಷ್ಟೇ ಚೆನ್ನಾಗಿರಲಿ, ವದಂತಿಯಲ್ಲಿ ಬೆಳೆದವನಿಗೂ ಕಣ್ಣೆದುರು ಕೂತವನಿಗೂ ಅಂತರ ಇದ್ದೇ ಇದೆ.

ಎರಡನೆಯ ತೊಡಕು ಕೊನೆಯ ಭಾಗದ್ದು. ಆಚಾರ್ಯರು ಊರು ಬಿಟ್ಟು ನಡೆಯುತ್ತಾರೆ, ದಾರಿಯಲ್ಲಿ ಸಿಕ್ಕ ಪುಟ್ಟ ಎಂಬವನು ಬೆನ್ನಿಗೆ ಅಂಟಿಕೊಳ್ಳುತ್ತಾನೆ. ಪುಸ್ತಕದಲ್ಲಿ ಈ ನಡಿಗೆಯ ಜೀವ ಇರುವುದು ಒಳಗಿನ ವಾದದಲ್ಲಿ: ಚಂದ್ರಿಯನ್ನು ಕೂಡಿದ್ದು ನನ್ನ ನಿರ್ಧಾರವೋ, ತಾನಾಗಿ ಆದದ್ದೋ? ಪರದೆಯಲ್ಲಿ ಸಿಗುವುದು ನಡೆಯುವ ಒಬ್ಬ ಮನುಷ್ಯ. ಹಿನ್ನೆಲೆಯಲ್ಲಿ ದನಿ ಸೇರಿಸಿ ವಾದವನ್ನು ಓದಿಸಬಹುದು. ಹಲವರು ಹಾಗೆ ಮಾಡುತ್ತಾರೆ, ಚಿತ್ರ ಅಲ್ಲಿಗೆ ಭಾಷಣವಾಗುತ್ತದೆ. ಪಾತ್ರಗಳ ಬಾಯಿಗೆ ಲೇಖಕನ ವಾಕ್ಯ ತುರುಕುವುದು ಇನ್ನೂ ಕೆಟ್ಟದ್ದು: ಆಗ ಅಡುಗೆಮನೆಯಲ್ಲಿ ನಿಂತವರೂ ಗ್ರಂಥದ ಕನ್ನಡ ಆಡುತ್ತಾರೆ. ಮುಖವನ್ನೇ ನಂಬಿದರೆ ಸಂಕಟ ದಾಟುತ್ತದೆ, ಆ ಸಂಕಟದ ತರ್ಕ ದಾಟುವುದಿಲ್ಲ. ಸಂಸ್ಕಾರ ಚಿತ್ರಕ್ಕೆ ಸೆನ್ಸಾರ್ ತಡೆ ಬಂತು, ತೆರವಾದ ಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯೂ ಬಂತು. ಅದರ ಹಿರಿಮೆಯನ್ನು ಒಪ್ಪಿಕೊಂಡೇ ಹೇಳುತ್ತೇನೆ, ಕೊನೆಯ ಭಾಗದಲ್ಲಿ ಪುಸ್ತಕವೇ ಮೇಲು.

ಹಾಗಾದರೆ ಸಿನಿಮಾಕ್ಕೆ ಒಗ್ಗುವುದು ಯಾವುದು? ಬಹಳ ಸಲ ಸಣ್ಣಕಥೆ, ಕಿರುಕಾದಂಬರಿ. ಅಲ್ಲಿ ಕತ್ತರಿಗಿಂತ ಹೊಲಿಗೆಯ ಕೆಲಸ ಹೆಚ್ಚು. ತೇಜಸ್ವಿಯವರ ‘ತಬರನ ಕಥೆ’ಯನ್ನು ಗಿರೀಶ ಕಾಸರವಳ್ಳಿ ಪೂರ್ಣಪ್ರಮಾಣದ ಚಿತ್ರ ಮಾಡಿದರು, 1986ರ ಸಾಲಿನ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿಗಳು ಅದಕ್ಕೆ, ತಬರನಾಗಿ ನಟಿಸಿದ ಚಾರುಹಾಸನ್ನರಿಗೆ ಸಂದವು. ‘ಪಿಂಚಣಿಗಾಗಿ ಕಚೇರಿಗೆ ಅಲೆದೂ ಅಲೆದೂ ಸುಸ್ತಾದ’ ಎಂದು ಕಥೆಗಾರ ಒಂದು ವಾಕ್ಯದಲ್ಲಿ ಮುಗಿಸಬಹುದು. ಕ್ಯಾಮೆರಾಕ್ಕೆ ‘ಅಲೆದೂ ಅಲೆದೂ’ ಎಂಬುದು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಒಂದು ಸಲದ ಭೇಟಿ ಮಾತ್ರ. ಹಾಗಾಗಿ ಅದೇ ಮೇಜು, ಅದೇ ಗುಮಾಸ್ತನ ಬಳಿಗೆ ಮತ್ತೆ ಮತ್ತೆ ಬರಬೇಕು, ಪ್ರತಿ ಸಲವೂ ಏನಾದರೊಂದು ಸವೆದಿರಬೇಕು: ಅಂಗಿ, ನಡಿಗೆ, ಕೈಮುಗಿಯುವ ರೀತಿ. ಕಡಿಮೆಯಾದರೆ ಯಾತನೆ ತಟ್ಟದು, ಹೆಚ್ಚಾದರೆ ಪ್ರೇಕ್ಷಕ ಗಡಿಯಾರ ನೋಡುತ್ತಾನೆ. ಈ ಚಿತ್ರ ಆ ಹದ ಹಿಡಿದಿದೆ. ಕೈಬಿಟ್ಟು ಹೋದದ್ದು ತೇಜಸ್ವಿಯವರ ನಿರೂಪಣೆಯಲ್ಲಿರುವ ತುಂಟ ವ್ಯಂಗ್ಯ. ಅದು ಯಾವ ಪಾತ್ರದ ಬಾಯಲ್ಲೂ ಇಲ್ಲ, ಹಾಗಾಗಿ ಯಾವ ನಟನಿಗೂ ಹಂಚಲು ಬಾರದು.

ಕಣ್ಣು ತಿಳಿದೇ ಬದಲಾದದ್ದಕ್ಕೆ ‘ನಾಯಿ ನೆರಳು’ ನೋಡಿ. ಭೈರಪ್ಪನವರ 1968ರ ಕಾದಂಬರಿಯನ್ನು ಕಾಸರವಳ್ಳಿ 2006ರಲ್ಲಿ ಚಿತ್ರ ಮಾಡಿದರು. ಸತ್ತ ಗಂಡನೇ ಮರುಜನ್ಮದಲ್ಲಿ ಹುಡುಗನಾಗಿ ಬಂದಿದ್ದಾನೆ ಎಂಬಲ್ಲಿಂದ ಕಥೆ ಬೆಳೆಯುತ್ತದೆ. ಕಾದಂಬರಿಗೆ ಪುನರ್ಜನ್ಮ, ಕರ್ಮದ ಜಿಜ್ಞಾಸೆ ಮುಖ್ಯ. ಚಿತ್ರ ಅದನ್ನು ಬದಿಗಿರಿಸಿ, ಅವನನ್ನು ಗಂಡನೆಂದು ಒಪ್ಪಿಕೊಳ್ಳುವ ವಿಧವೆ ವೆಂಕಟಲಕ್ಷ್ಮಿಯ ಪಕ್ಕ ನಿಲ್ಲುತ್ತದೆ. ನಂಬಿ ಒಪ್ಪಿದಳೋ, ಬದುಕುವ ಆಸೆಗೆ ಒಪ್ಪಿದಳೋ? ಘಟನೆಗಳು ಹೆಚ್ಚುಕಡಿಮೆ ಅವೇ, ಪ್ರಶ್ನೆ ಬೇರೆ. ಭೈರಪ್ಪನವರ ಓದುಗರಿಗೆ ಇದು ಅನ್ಯಾಯವೆನಿಸಬಹುದು. ನನಗೆ ಹಾಗನಿಸದು, ಯಾಕೆಂದರೆ ಈ ಬದಲಾವಣೆ ಒಂದು ದೃಶ್ಯಕ್ಕೆ ಸೀಮಿತವಾಗದೆ ಚಿತ್ರದ ಉದ್ದಕ್ಕೂ ಹರಿದಿದೆ.

ಮೊದಲು ಓದುವುದೋ, ನೋಡುವುದೋ ಎಂದು ಕೇಳುವವರಿದ್ದಾರೆ. ಸಂಸ್ಕಾರವನ್ನು ಓದಿಯೇ ನೋಡಿ. ಒಮ್ಮೆ ನೋಡಿದ ಮೇಲೆ ನಿಮ್ಮ ನಾರಣಪ್ಪ ನಿಮಗೆ ಸಿಗುವುದಿಲ್ಲ. ತಬರನನ್ನು ಯಾವ ಕಡೆಯಿಂದ ಹೊಕ್ಕರೂ ನಷ್ಟವಿಲ್ಲ. ನಾಯಿ ನೆರಳನ್ನು ಮಾತ್ರ ಮೊದಲು ನೋಡಿ, ಆಮೇಲೆ ಓದಿ.

ನಮಸ್ಕಾರ.