ಮಳೆಗೊಂದು ಹೆಸರು

ಕೇಳುಗರಿಗೆ ನಮಸ್ಕಾರ.

ತುಮಕೂರು ಸೀಮೆಯ ರಾಗಿ ಹೊಲಗಳ ನಡುವೆ ಬೆಳೆದ ನನಗೆ ಜೂನ್, ಜುಲೈ ಎಂಬ ತಿಂಗಳುಗಳು ಶಾಲೆಯ ಗೋಡೆಯ ಮೇಲಷ್ಟೇ ಇದ್ದವು. ಊರಿನಲ್ಲಿ ಕಾಲ ಸಾಗುತ್ತಿದ್ದುದು ಮಳೆಗಳ ಹೆಸರು ಹಿಡಿದು. ಮದುವೆ ನಡೆದದ್ದು ಭರಣಿಯಲ್ಲಿ, ಎಮ್ಮೆ ಈದದ್ದು ಆರಿದ್ರೆಯಲ್ಲಿ, ಸಾಲ ತೀರಿಸುತ್ತೇನೆಂದು ಮಾತು ಕೊಟ್ಟದ್ದು ಸ್ವಾತಿ ಕಳೆದ ಮೇಲೆ. ಈ ಲೆಕ್ಕದಲ್ಲಿ ಯಾರಿಗೂ ಗೊಂದಲವಾದದ್ದನ್ನು ನಾನು ಕಾಣೆ.

ಲೆಕ್ಕ ಸರಳವಾದದ್ದು. ಸೂರ್ಯ ತನ್ನ ವರ್ಷದ ದಾರಿಯಲ್ಲಿ 27 ನಕ್ಷತ್ರಗಳನ್ನು ಹಾದುಹೋಗುತ್ತಾನೆ. ಒಂದೊಂದರಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಅವನು ಯಾವ ನಕ್ಷತ್ರದಲ್ಲಿರುವನೋ ಆಗ ಬೀಳುವ ಮಳೆಗೆ ಅದೇ ಹೆಸರು. ಏಪ್ರಿಲ್ ಕೊನೆಯ ಭರಣಿಯಿಂದ ನವೆಂಬರ್‌ನ ವಿಶಾಖೆಯವರೆಗೆ ಹೀಗೆ ಹದಿನೈದು ಮಳೆಗಳು. ಹುಡುಗನಾಗಿದ್ದಾಗ ರೋಹಿಣಿ ಮಳೆಯ ದಿನಗಳಲ್ಲಿ ನಾನು ಅಂಗಳದಲ್ಲಿ ಮಲಗಿ ರೋಹಿಣಿ ನಕ್ಷತ್ರಕ್ಕಾಗಿ ಆಕಾಶವನ್ನೆಲ್ಲ ತಡಕಾಡಿದ್ದುಂಟು. ಅದು ಕಾಣುವಂತಿರಲಿಲ್ಲ. ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುವ ನಕ್ಷತ್ರವನ್ನು ಇರುಳಲ್ಲಿ ಹುಡುಕಿದರೆ ಸಿಕ್ಕೀತು ಹೇಗೆ? ಯಾವ ಮಳೆ ನಡೆದಿದೆಯೋ ಆ ನಕ್ಷತ್ರವೇ ಆಗ ಮರೆಯಾಗಿರುತ್ತದೆ ಎಂಬುದು ನನಗೆ ಎಷ್ಟೋ ವರ್ಷಗಳ ನಂತರ ಹೊಳೆಯಿತು.

ಈ ಮಳೆಗಳ ಸುತ್ತ ಗಾದೆಗಳಿಗೆ ಬರವಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ, ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ. ಇವನ್ನು ಹವಾಮಾನದ ಮುನ್ಸೂಚನೆಯೆಂದು ತಿಳಿದು ಹೊಗಳುವವರೂ ಇದ್ದಾರೆ, ಮೂಢನಂಬಿಕೆಯೆಂದು ತಳ್ಳುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷದಷ್ಟು ದೊಡ್ಡದು. ಆದ್ದರಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಈ ಮಳೆಗಳೆಲ್ಲ ಮುಂದಕ್ಕೆ ಸರಿಯುತ್ತವೆ. ಸಾವಿರ ವರ್ಷದಲ್ಲಿ ಒಂದು ನಕ್ಷತ್ರದ ಮಳೆ ಇನ್ನೊಂದರ ಜಾಗಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ನಮ್ಮ ಗಾದೆಗಳು ಅನಾದಿಯಿಂದ ಬಂದವಲ್ಲ. ಆಯಾ ತಲೆಮಾರು ತನ್ನ ಹೊಲ ನೋಡಿಕೊಂಡು ತಿದ್ದಿದ ಮಾತುಗಳವು ಎಂದೇ ನನ್ನ ಅನಿಸಿಕೆ.

ಗಾದೆಗಿಂತ ಹೆಚ್ಚಾಗಿ ನನ್ನ ನೆನಪಿನಲ್ಲಿ ಉಳಿದಿರುವುದು ಹದವೆಂಬ ಮಾತು. ನಮ್ಮ ತಾತ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆದವರಲ್ಲ. ಬೆಳಗಿನ ಜಾವ ಹೊಲಕ್ಕೆ ಹೋಗಿ, ಹಿಡಿ ಮಣ್ಣೆತ್ತಿ ಮುಷ್ಟಿ ಕಟ್ಟಿ ಬಿಡಿಸಿ ನೋಡುತ್ತಿದ್ದರು. ಉಂಡೆಯಾಗಿ ನಿಂತು, ಬೆರಳು ತಾಗಿದೊಡನೆ ಉದುರಿದರೆ ಅದು ಹದ; ಕೈಗೆ ಮೆತ್ತಿದರೆ ಇನ್ನೊಂದು ದಿನ ಕಾಯಬೇಕು, ಉಂಡೆಯೇ ಆಗದಿದ್ದರೆ ಅದು ಧೂಳಡಗಿಸಿದ ಮಳೆಯಷ್ಟೇ. ಹದ ಎರಡು, ಮೂರು ದಿನ ಇದ್ದೀತು. ಆ ಮೂರು ದಿನದಲ್ಲಿ ಊರಿಗೆ ಊರೇ ಬಿತ್ತಬೇಕು. ಕೂರಿಗೆಗಳು ಮಾತ್ರ ಬೆರಳೆಣಿಕೆಯಷ್ಟು. ಒಂಟಿ ಎತ್ತಿನವರಿಬ್ಬರು ಸೇರಿ ಒಂದು ಜೋಡಿ ಹೂಡಬೇಕು, ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕಲು ಕೈಪಳಗಿದ ಹೆಂಗಸರು ಬೇಕು. ಯಾರ ಹೊಲ ಮೊದಲು ಎಂಬುದು ಹಿಂದಿನ ರಾತ್ರಿ ಜಗಲಿಯ ಮೇಲೆ ತೀರ್ಮಾನವಾಗುತ್ತಿತ್ತು. ಮರಳು ಬೆರೆತ ಕೆಂಪು ಮಣ್ಣು ಬೇಗ ಆರುತ್ತದೆ, ಅದಕ್ಕೇ ಅದು ಮೊದಲು. ಕೆರೆಯ ಹಿಂದಿನ ಎರೆಮಣ್ಣು ತೇವ ಹಿಡಿದುಕೊಳ್ಳುತ್ತದೆ, ಅದಕ್ಕೆ ಕೊನೆಯ ಸರದಿ. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಈ ಮುಯ್ಯಾಳಿನ ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ.

ಆದರೆ ಎಲ್ಲವೂ ಸಮನಾಗಿತ್ತೆಂದರೆ ಸುಳ್ಳಾಗುತ್ತದೆ. ಹೊಲವಿಲ್ಲದವರಿಗೆ ಮುಯ್ಯಿಗೆ ಮುಯ್ಯಿ ಎಂಬುದಿರಲಿಲ್ಲ; ಅವರು ಕೂಲಿಗೆ ಹೋಗಬೇಕಿತ್ತು, ಅದೂ ದೊಡ್ಡ ಹಿಡುವಳಿಯವರು ಕರೆದಾಗ. ಮಣ್ಣಿನ ಗುಣ ನೋಡಿ ಸರದಿ ಕಟ್ಟುತ್ತಿದ್ದ ಜಗಲಿಯ ಮೇಲೆ ಅವರು ಕೂತದ್ದನ್ನು ನಾನು ನೋಡಿಲ್ಲ.

ನಮ್ಮ ಕಡೆಯ ಮಳೆಗೆ ಇನ್ನೊಂದು ವಿಶೇಷವಿದೆ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಕ್ಕೆ ತಮ್ಮ ಭಾರವನ್ನೆಲ್ಲ ಇಳಿಸಿ ಬರುವುದರಿಂದ ಮಲೆನಾಡು ಕೊಳೆಯುವಷ್ಟು ನೆನೆಯುವ ಜೂನ್, ಜುಲೈಗಳಲ್ಲಿ ನಮಗೆ ಗಾಳಿಯೇ ಹೆಚ್ಚು. ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಅಂದರೆ ಉತ್ತರೆ, ಹಸ್ತ, ಚಿತ್ತೆಯದು. ರಾಗಿ ತೆನೆಗಟ್ಟುವ ಹೊತ್ತಿಗೆ ಸರಿಯಾಗಿ ಇವು ಬರಬೇಕು. ಚಿತ್ತೆಗೆ ಕುರುಡು ಚಿತ್ತೆಯೆಂದೇ ಹೆಸರು, ಒಂದು ಹೊಲ ತೊಯಿಸಿ ಬದುವಿನಾಚೆಯದನ್ನು ಬಿಟ್ಟುಹೋಗುತ್ತದೆ. ಸಂಜೆ ರೇಡಿಯೋದಲ್ಲಿ “ಅಲ್ಲಲ್ಲಿ ಮಳೆಯಾಗುವ ಸಂಭವವಿದೆ” ಎಂದು ಕೇಳಿದಾಗಲೆಲ್ಲ ತಾತ ಹೇಳುತ್ತಿದ್ದರು: “ಆ ಅಲ್ಲಲ್ಲಿ ಅನ್ನೋ ಊರು ನಮ್ಮದಲ್ಲ ಕಣಪ್ಪ.”

ಸ್ವಾತಿ ಮುಗಿದರೆ ಕೊಯ್ಲು, ಬಣವೆ, ಆಮೇಲೆ ಕಣ. ಈಗ ಕಣ ಮಾಡುವವರು ಕಡಿಮೆ. ಟಾರು ರಸ್ತೆಯ ಮೇಲೆ ತೆನೆ ಹರವಿ, ಹೋಗಿಬರುವ ಬಸ್ಸು ಲಾರಿಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಬಿತ್ತನೆಗೆ ಟ್ರ್ಯಾಕ್ಟರ್ ಬಂದಿದೆ. ಇದು ತಪ್ಪೆಂದು ಪಟ್ಟಣದಲ್ಲಿ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬೆನ್ನು ಬಗ್ಗಿಸಿ ದುಡಿದವರಿಗೆ ಅದರಿಂದ ಬಿಡುವು ಸಿಕ್ಕಿದೆ. ಆದರೆ ಬಾಡಿಗೆ ಟ್ರ್ಯಾಕ್ಟರಿನ ಸರದಿ ಫೋನಿನಲ್ಲಿ ಗೊತ್ತಾಗುವುದರಿಂದ ಜಗಲಿಯ ಮಾತು ನಿಂತಿದೆ, ಅದರ ಜೊತೆಗೆ ಮಳೆಯ ಹೆಸರುಗಳೂ ಹುಡುಗರ ಬಾಯಿಂದ ಜಾರುತ್ತಿವೆ. ಮಳೆ ಬಂದರೆ ಅವರಿಗೆ ಅದು ಬರೀ ಮಳೆ.

ಊರಿನಲ್ಲಿರುವ ಚಿಕ್ಕಪ್ಪ ಮಾತ್ರ ಈಗಲೂ ಫೋನ್ ಮಾಡಿದಾಗ ಆರೋಗ್ಯ ಕೇಳುವ ಮೊದಲು ಮಳೆಯ ಸುದ್ದಿ ಹೇಳುತ್ತಾರೆ. ಕಳೆದ ಸಲ ಅವರು ಅಂದದ್ದು ಇಷ್ಟು: “ಉತ್ತರೆ ಕೈಕೊಡ್ತು. ಹಸ್ತ ಒಂದು ಹದ ಆಯ್ತು, ಕೆರೆ ಕಡೆ ಇನ್ನೂ ಹೋಗಿ ನೋಡಿಲ್ಲ.” ನಾನು ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ‘ಹಸ್ತ, ಒಂದು ಹದ’ ಎಂದು ಬರೆದುಕೊಂಡೆ.

ನಮಸ್ಕಾರ.