12 ಪೌಂಡಿನ ಕೊಡೆ ಮತ್ತು ಹಿಲ್ ಟಾಪ್ ಮನೆ

ಹಾಂ, ರೆಕಾರ್ಡ್ ಆಗ್ತಿದೆ. ಇದು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್, ಊರು ನಿಯರ್ ಸಾರೆ. ಮಕ್ಕಳ ಕಥೆ ಬರೆದು, ಅದಕ್ಕೆ ಚಿತ್ರಾನೂ ತಾನೇ ಬಿಡಿಸ್ತಿದ್ದ ಬಿಯಾಟ್ರಿಕ್ಸ್ ಪಾಟರ್ 1905ರಲ್ಲಿ ಕೊಂಡ ತೋಟದ ಮನೆ, ಹಿಲ್ ಟಾಪ್. ಕಟ್ಟಿದ್ದು 17ನೇ ಶತಮಾನದಲ್ಲಿ.

ನನ್ನ ಕೈಯಲ್ಲಿ ತೂಗಾಡ್ತಿರೋದು ಕೊಡೆ. ಕೊಡೆ ಆಗಿತ್ತು ಅನ್ನಿ. ದಾರೀಲಿ ಒಂದಂಗಡೀಲಿ 12 ಪೌಂಡ್ ಕೊಟ್ಟು ತಗೊಂಡೆ. ಎಂಥಾ ಗಾಳಿಗೂ ಜಗ್ಗಲ್ಲ ಅಂತ ಚೀಟಿ ಬೇರೆ ಅಂಟಿಸಿದ್ರು. ಕಾರಿಳಿದು ರಸ್ತೆ ದಾಟೋದ್ರೊಳಗೆ ತಿರುಗುಮುರುಗಾಯ್ತು, ಸರಿ ಮಾಡಕ್ಕೆ ಹೋದ್ರೆ ಕಡ್ಡಿ ಕೈಗೇ ಬಂತು. 12 ಪೌಂಡ್ ಅಂದ್ರೆ ಸಾವಿರ ರೂಪಾಯಿ ದಾಟತ್ತೆ ಕಣ್ರೀ! ಚಿಕ್ಕಪೇಟೇಲಿ ಆ ದುಡ್ಡಿಗೆ ಮನೆಮಂದಿಗೆಲ್ಲ ಕೊಡೆ ಕೊಡಿಸ್ಬಹುದಿತ್ತು. ಕ್ಯಾಮೆರಾ ಹಿಡಿದಿರೋ ನಮ್ಮೆಜಮಾನ್ರು ನಗ್ತಿದಾರೆ, ಅದಕ್ಕೇ ಫ್ರೇಮ್ ಅಲ್ಲಾಡ್ತಿದೆ. "ರೇನ್‌ಕೋಟ್ ಹಾಕ್ಕೋ ಅಂದೆ ತಾನೆ" ಅಂತ ಶುರು ಮಾಡಿದಾರೆ. ಹಾಕ್ಕೊಂಡ್ರೆ ವಿಡಿಯೋದಲ್ಲಿ ಗೋಣಿಚೀಲದ ಥರ ಕಾಣ್ತೀನಿ, ಅದನ್ನ ಯಾರು ನೋಡ್ತಾರೆ?

ಸರಿ, ಮಳೆಗೆ ನಾವು ನಿಂತಿರೋ ಈ ಬಾಗಿಲ ಮುಂದಿನ ಗೂಡು ನೋಡಿ. ಇಟ್ಟಿಗೆ ಇಲ್ಲ, ಕಂಬ ಇಲ್ಲ. ಆಳೆತ್ತರದ ಸ್ಲೇಟ್ ಕಲ್ಲಿನ ಚಪ್ಪಡಿ ಆ ಕಡೆ ಈ ಕಡೆ ನೆಟ್ಟಗೆ ನಿಲ್ಲಿಸಿ ಮೇಲೆ ಮುಚ್ಚಿದಾರೆ. ಅಂಚು ಕೂಡ ಸವರಿಲ್ಲ, ಕೈಯಾಡಿಸಿದ್ರೆ ತರಚತ್ತೆ. ಛಾವಣೀನೂ ಸ್ಲೇಟೇ, ಈ ಸೀಮೆಯ ಬೆಟ್ಟದಲ್ಲೇ ಸಿಗೋದು. ಗೋಡೆ ಕಲ್ಲಿಂದು, ಮೇಲೆ ಜಲ್ಲಿ ಕಲಸಿದ ಗಾರೆ ಎರಚಿದಾರೆ, ಮಳೆ ತಡೀಲಿ ಅಂತ. ಬಣ್ಣ ಮಾತ್ರ ಬೂದಿ, ನನಗಂತೂ ಹಿಡಿಸ್ಲಿಲ್ಲ.

ಮನೆಯ ಆ ಪಕ್ಕಕ್ಕೆ ಅಂಟಿಕೊಂಡಿರೋ ಭಾಗ ಇದೆಯಲ್ಲ, ಅದು 1906ರಲ್ಲಿ ಪಾಟರ್ ಸೇರಿಸಿದ್ದು. ತೋಟ ನೋಡ್ಕೊಳ್ತಿದ್ದ ಜಾನ್ ಕ್ಯಾನನ್ ಸಂಸಾರಕ್ಕೆ. ಗೋಡೆ ಮೇಲೆ ಇಸವಿ, ಆಕೆ ಹೆಸರಿನ ಮೊದಲಕ್ಷರ ಎರಡೂ ಇವೆ, ಝೂಮ್ ಮಾಡ್ರೀ. ಆಳುಮಕ್ಕಳಿಗೆ ಅಂತ ಒಂದು ತೇಪೆ ಹಚ್ಚಿರ್ತಾರೆ ಅಂದ್ಕೊಂಡಿದ್ದೆ. ಇಲ್ಲ, ಅದೇ ಗಾರೆ, ಅದೇ ಸ್ಲೇಟು. ಹೊಸದನ್ನ ಅವರಿಗೆ ಬಿಟ್ಟು ಸಂದೀಲಿ ಗಾಳಿ ನುಗ್ಗೋ ಹಳೇದನ್ನ ತಾನಿಟ್ಕೊಂಡ್ಲು, ಮಹಾತಾಯಿ!

ಒಳಗೆ ಹೋದ್ವಿ. ಕತ್ತಲೆ, ಕ್ಷಮಿಸಿ, ಲೈಟ್ ಹಾಕ್ಕೊಳ್ಳೋ ಹಾಗಿಲ್ಲ. ಚಿಕ್ಕ ಕಿಟಕಿ, ದಪ್ಪ ಗೋಡೆ. ಈ ಓಕ್ ಬೀರು ಮೇಲೆ 1667 ಅಂತ ಕೆತ್ತಿದೆ, ಆಕೆ ಚಿತ್ರಗಳಲ್ಲೂ ಬರತ್ತೆ. ಪಾಟರ್ ತಮ್ಮ ಬರ್ಟ್ರಮ್ ಬರೆದ ದೊಡ್ಡ ದೊಡ್ಡ ಚಿತ್ರಗಳಿಗೇ ಮಹಡೀಲಿ ಒಂದು ಕೋಣೆ. ಚಿತ್ರ ಸುಮಾರು, ಕೋಣೆ ಚೆನ್ನಾಗಿದೆ. ಇಲ್ಲ ಇಲ್ಲ, ಕಿಟಕಿ ಕಡೆ ನಿಂತು ನೋಡಿದ್ರೆ ಚಿತ್ರಾನೂ ಪರವಾಗಿಲ್ಲ.

ತಮಾಷೆ ಏನಂದ್ರೆ, ಪಾಟರ್ ಇಲ್ಲಿ ಪೂರ್ತಿಯಾಗಿ ವಾಸ ಮಾಡ್ಲೇ ಇಲ್ಲ. 1913ರಲ್ಲಿ ಮದುವೆ ಆಗಿ ಇದೇ ಊರಿನ ಕಾಸಲ್ ಕಾಟೇಜ್‌ಗೆ ಹೋದ್ಲು. ಇದನ್ನ ಸಾಮಾನು ಜೋಡಿಸಿಟ್ಟು, ಕೂತು ಕೆಲಸ ಮಾಡಕ್ಕೆ ಇಟ್ಕೊಂಡ್ಲು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಜಮೀನಿನ ಜೊತೆ, ಹಳೇ ಮನೆ, ಜಮೀನು ಕಾಪಾಡೋ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಲು. ಬರೆಯೋಕೇ ಒಂದು ಇಡೀ ಮನೆ! ನಾನು ವಿಡಿಯೋ ಎಡಿಟ್ ಮಾಡೋದು ಡೈನಿಂಗ್ ಟೇಬಲ್ ಮೇಲೆ, ಅದೂ ಎಲ್ಲರ ಊಟ ಆದಮೇಲೆ. ಹಿಂದಿನೋರು ಕೆಮ್ತಿದಾರೆ, ಮೆಟ್ಟಿಲು ಬಿಡ್ಬೇಕು. ಬನ್ನಿ, ತರಕಾರಿ ತೋಟ ತೋರಿಸ್ತೀನಿ.