ಒಂದೂವರೆ ಟೆಸ್ಲಾನಾ, ಮೂರು ಟೆಸ್ಲಾನಾ?

ಕೇಳುಗರಿಗೆ ನಮಸ್ಕಾರ. ಎಂಆರ್‌ಐ ಮಾಡಿಸಲು ಬರುವವರು ಈಗೀಗ ಬಾಗಿಲಲ್ಲೇ ಕೇಳುತ್ತಾರೆ: "ನಿಮ್ಮ ಮಷಿನ್ ಒಂದೂವರೆ ಟೆಸ್ಲಾನಾ, ಮೂರು ಟೆಸ್ಲಾನಾ?" ಮೂರು ಅಂದರೆ ಮುಖ ಅರಳುತ್ತದೆ. ಒಂದೂವರೆ ಅಂದರೆ ಬೇರೆ ಸೆಂಟರ್ ವಿಳಾಸ ಕೇಳುತ್ತಾರೆ. ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ, ಸರಿ. ಆದರೆ ಚಿತ್ರ ಎಷ್ಟು ಚೆನ್ನಾಗಿ ಬರಬಹುದು ಅನ್ನುವುದಕ್ಕೆ ಕೊನೆಯ ಗಡಿ ಹಾಕುವುದು ನಮ್ಮ ಮೈ. ಇವತ್ತು ಇದೊಂದೇ ಮಾತು ಹೇಳುತ್ತೇನೆ.

ಮೈತುಂಬಾ ನೀರಿದೆ, ನೀರಿನಲ್ಲಿ ಹೈಡ್ರೋಜನ್ ಇದೆ. ಒಂದೊಂದು ಹೈಡ್ರೋಜನ್ ನ್ಯೂಕ್ಲಿಯಸ್ಸೂ ಪುಟ್ಟ ಅಯಸ್ಕಾಂತ. ಯಂತ್ರದೊಳಗೆ ಹೆಚ್ಚುಕಡಿಮೆ ಅರ್ಧ ಆ ಕಡೆ, ಅರ್ಧ ಈ ಕಡೆ ತಿರುಗುತ್ತವೆ. ಒಂದೂವರೆ ಟೆಸ್ಲಾದಲ್ಲಿ, ಹತ್ತು ಲಕ್ಷಕ್ಕೆ ಸುಮಾರು 5 ಮಾತ್ರ ಒಂದು ಕಡೆ ಜಾಸ್ತಿ. ಆ ಐದರ ದನಿಯಿಂದಲೇ, ಅಂದರೆ ಸಿಗ್ನಲ್‌ನಿಂದಲೇ ಚಿತ್ರ!

ಅಷ್ಟು ಸಣ್ಣ ದನಿಗೆ ಅಡ್ಡ ಬರುವುದು ಏನು? ಮತ್ತೆ ನಮ್ಮ ಮೈಯೇ. ಮೈ ಅಂದರೆ ಬೆಚ್ಚಗಿನ ಉಪ್ಪುನೀರು. ಅದರೊಳಗಿನ ಕಣಗಳು ಸುಮ್ನೆ ಇರುವುದಿಲ್ಲ, ಅವುಗಳ ಓಡಾಟ, ಆ ದನಿ ಹಿಡಿಯುವ ಆಂಟೆನಾ ಆದ ಕಾಯಿಲ್‌ಗೆ ಗದ್ದಲವಾಗಿ ಕೇಳುತ್ತದೆ. ಜಾತ್ರೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಎಷ್ಟೇ ಚುರುಕು ಕಿವಿ ಇದ್ದರೂ ಜಾತ್ರೆಯ ಗದ್ದಲವೂ ಅಷ್ಟೇ ಚೆನ್ನಾಗಿ ಕೇಳುತ್ತದೆ, ಅಲ್ವಾ?

ಇನ್ನು ಬಿಸಿ. ಆ ದನಿ ಎಬ್ಬಿಸಲು ನಾವು ರೇಡಿಯೋ ತರಂಗ ಕಳಿಸಬೇಕು. ಒಂದೂವರೆ ಟೆಸ್ಲಾಗೆ 64 ಮೆಗಾಹರ್ಟ್ಸ್, ಮೂರಕ್ಕೆ 128. ನೀವು ಕೇಳುವ ಎಫ್‌ಎಂ ಇವೆರಡರ ನಡುವೆಯೇ ಬರುತ್ತದೆ. ಟೆಸ್ಲಾ ಎರಡು ಪಟ್ಟಾದರೆ ಚಿತ್ರದ ಸ್ಪಷ್ಟತೆ ಹೆಚ್ಚೆಂದರೆ ಎರಡು ಪಟ್ಟು. ಮೈಗೆ ಇಳಿಯುವ ಬಿಸಿ ನಾಲ್ಕು ಪಟ್ಟು!

ಇಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಹೇಳಲೇಬೇಕು. 1978ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪಾಲ್ ಬಾಟಮ್ಲಿ ಮತ್ತು ರೇಮಂಡ್ ಆಂಡ್ರ್ಯೂ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದರು. ಫ್ರೀಕ್ವೆನ್ಸಿ ಏರಿದಷ್ಟೂ ತರಂಗ ಮೈಯೊಳಗೆ ಇಳಿಯುವುದು ಕಷ್ಟ, ಬಿಸಿಯೂ ಜಾಸ್ತಿ. ದೊಡ್ಡ ಅಯಸ್ಕಾಂತದಲ್ಲಿ ಮನುಷ್ಯನ ಚಿತ್ರ ತೆಗೆಯುವುದು ಆಗದ ಕೆಲಸ ಅಂತ ಆಗ ಎಷ್ಟೋ ಜನ ನಂಬಿದ್ದರು. ಆಮೇಲೆ ಏನಾಯಿತು ಗೊತ್ತಾ? ಅದೇ ಬಾಟಮ್ಲಿ ಅಮೆರಿಕಕ್ಕೆ ಹೋಗಿ, ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯ ಸೇರಿದರು. ಇನ್ನೊಬ್ಬ ವಿಜ್ಞಾನಿ ವಿಲಿಯಂ ಎಡಲ್‌ಸ್ಟೈನ್ ಕೂಡ ಅಲ್ಲೇ ಇದ್ದರು. 1982ರಲ್ಲಿ ಒಂದೂವರೆ ಟೆಸ್ಲಾದ ಅಯಸ್ಕಾಂತ ಬಂತು. ನೋಡೇಬಿಡೋಣ ಅಂತ ತಲೆಯ ಚಿತ್ರ ತೆಗೆದರು. ಬಂತು! ಎಷ್ಟು ಚೊಕ್ಕವಾಗಿ ಬಂತು ಅಂದರೆ, ಇವತ್ತು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ದುಡಿಯುವುದು ಆ ಬಲದ ಯಂತ್ರವೇ. ಹಾಗಾದರೆ ಲೆಕ್ಕ ತಪ್ಪಿತ್ತಾ? ತಪ್ಪಿರಲಿಲ್ಲ. ಗಡಿ ಅಂದುಕೊಂಡದ್ದಕ್ಕಿಂತ ಮೇಲಿತ್ತು, ಅಷ್ಟೇ. ಮೂರು ಟೆಸ್ಲಾದಲ್ಲಿ ಹೊಟ್ಟೆಯ ಚಿತ್ರ ತೆಗೆದರೆ ನಡುನಡುವೆ ಕಪ್ಪು ಮಬ್ಬು ಕಾಣುವುದುಂಟು. ಅದು ಆ ಹಳೆಯ ಲೆಕ್ಕ ಹೇಳಿದ ತೊಂದರೆಯೇ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. 1998ರಲ್ಲಿ ಓಗನ್ ಓಜಾಲಿ ಮತ್ತು ಎರ್ಗಿನ್ ಅತಾಲಾರ್ ಇನ್ನೊಂದು ಲೆಕ್ಕ ಕೊಟ್ಟರು. ಜಗತ್ತಿನ ಅತ್ಯುತ್ತಮ ಕಾಯಿಲ್ ಕಟ್ಟಿದರೂ ಸ್ಪಷ್ಟತೆ ಇಷ್ಟನ್ನು ದಾಟದು ಅಂತ. ಕಾರಣ? ಮೈ! ಸ್ಕ್ಯಾನ್ ಹೊತ್ತನ್ನು ನಾಲ್ಕು ಪಟ್ಟು ಮಾಡಿದರೂ ಸ್ಪಷ್ಟತೆ ಎರಡೇ ಪಟ್ಟು. ಬಿಸಿಗೂ ನಿಯಮವಿದೆ: ಸಾಮಾನ್ಯ ಸ್ಕ್ಯಾನ್‌ನಲ್ಲಿ ಇಡೀ ಮೈಗೆ ಇಳಿಯುವುದು ತೂಕದ ಕಿಲೋಗೆ 2 ವ್ಯಾಟ್ ದಾಟಬಾರದು, ಒಳಗಿನ ತಾಪ ಅರ್ಧ ಡಿಗ್ರಿಗಿಂತ ಹೆಚ್ಚು ಏರಬಾರದು. ಸ್ಕ್ಯಾನ್‌ಗೆ ಮೊದಲು ತೂಕ ಕೇಳುವುದು ಈ ಲೆಕ್ಕಕ್ಕೇ. ದಯವಿಟ್ಟು ಸರಿಯಾದ ತೂಕ ಹೇಳಿ, ಅಂದಾಜು ಬೇಡ. ಜ್ವರ ಇದ್ದರೆ ಹೇಳಿ. ಒಳಗೆ ಕೈ ಕಟ್ಟಿಕೊಂಡು ಮಲಗಬೇಡಿ, ಚರ್ಮಕ್ಕೆ ಚರ್ಮ ತಾಗಿದ ಕಡೆ ಸುಡಬಹುದು. ಎಲ್ಲಾದರೂ ಚುರ್ ಅನ್ನಿಸಿದರೆ ಕೈಗೆ ಕೊಟ್ಟ ರಬ್ಬರ್ ಬಲ್ಬ್ ಒತ್ತಿ, ಸುಮ್ನೆ ಸಹಿಸಿಕೊಳ್ಳಬೇಡಿ. ನಮಸ್ಕಾರ.